ಮೆಮೊರಿ ಕಾರ್ಡಿನಿಂದ ಫೋಟೊ ಇಂಪೋರ್ಟ್: ಕೈಕೊಟ್ಟಾಗ ದೋಷ ಹಿಡಿಯುವುದು ಹೇಗೆ

ಇಂಪೋರ್ಟ್ ಅರ್ಧಕ್ಕೆ ನಿಂತಾಗ, 'ಕೆಲವು ಫೈಲ್‌ಗಳನ್ನು ಓದಲಾಗಲಿಲ್ಲ' ಎಂಬ ಸಂದೇಶ ಬಂದಾಗ, ಫೋಟೊದ ಕೆಳಗರ್ಧ ಗುಲಾಬಿ ಪಟ್ಟಿಯಾಗಿ ಕಂಡಾಗ ಹೆಚ್ಚಿನವರು ಮಾಡುವುದು ಎರಡು ಕೆಲಸ. ಮತ್ತೆ ಮತ್ತೆ ಇಂಪೋರ್ಟ್ ಗುಂಡಿ ಒತ್ತುವುದು ಒಂದು. ಕಂಪ್ಯೂಟರ್ 'ಈ ಡಿಸ್ಕ್‌ನಲ್ಲಿ ತೊಂದರೆ ಇದೆ, ಸರಿಪಡಿಸಲೇ?' ಎಂದು ಕೇಳಿದ ಕೂಡಲೇ ಹೂಂ ಅಂದುಬಿಡುವುದು ಇನ್ನೊಂದು. ಮೊದಲನೆಯದರಿಂದ ಸಮಯ ಹಾಳು, ಅಷ್ಟೆ. ಎರಡನೆಯದರಿಂದ ಉಳಿಸಿಕೊಳ್ಳಬಹುದಾಗಿದ್ದ ಫೋಟೊಗಳೂ ಕೈತಪ್ಪಬಹುದು.

ಎಡಿಟಿಂಗ್ ಸಾಫ್ಟ್‌ವೇರ್‌ನ ಇಂಪೋರ್ಟ್ ಗುಂಡಿ ಒಂದೇ ಏಟಿಗೆ ಐದಾರು ಕೆಲಸ ಮಾಡುತ್ತದೆ. ಕಾರ್ಡ್ ಓದುತ್ತದೆ, ಫೈಲ್‌ಗಳನ್ನು ಡಿಸ್ಕಿಗೆ ಕಾಪಿ ಮಾಡುತ್ತದೆ, ಹೆಸರು ಬದಲಿಸುತ್ತದೆ, ದಿನಾಂಕದ ಪ್ರಕಾರ ಫೋಲ್ಡರ್ ಮಾಡುತ್ತದೆ, ಕ್ಯಾಟಲಾಗಿಗೆ (ಫೋಟೊಗಳ ದಾಖಲೆ ಪಟ್ಟಿಗೆ) ಸೇರಿಸುತ್ತದೆ, ಪ್ರಿವ್ಯೂ (ತೆರೆಯ ಮೇಲೆ ತೋರಿಸುವ ಚಿತ್ರ) ಕಟ್ಟುತ್ತದೆ. ಇವುಗಳಲ್ಲಿ ಯಾವುದು ಮುಗ್ಗರಿಸಿದರೂ ತೆರೆಯ ಮೇಲೆ ಬರುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಒಂದು ಸಾಲು. ಹಾಗಾಗಿ ದೋಷ ಹುಡುಕುವಾಗ ಎರಡು ಪಥ್ಯ ಬಿಡಬಾರದು: ಕಾರಣ ಗೊತ್ತಾಗುವವರೆಗೆ ಕಾರ್ಡಿನ ಮೇಲೆ ಏನನ್ನೂ ಬರೆಯಬಾರದು, ಕಾಪಿ ಮಾಡುವುದನ್ನು ಮತ್ತು ಇಂಪೋರ್ಟ್ ಮಾಡುವುದನ್ನು ಬೇರೆ ಬೇರೆ ಕೆಲಸವಾಗಿ ಒಡೆಯಬೇಕು. ಕೆಳಗಿನದೆಲ್ಲ ಇವೆರಡರ ವಿಸ್ತರಣೆ.

ಮೊದಲು ಕಾರ್ಡಿಗೆ ಬೀಗ

ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಸ್ವಿಚ್ಚನ್ನು 'ಲಾಕ್' ಕಡೆಗೆ ಸರಿಸಿ. ಅದು ಕಾರ್ಡಿನೊಳಗಿನ ಸರ್ಕ್ಯೂಟಿಗೆ ಸೇರಿದ್ದಲ್ಲ. ಅದು ಎಲ್ಲಿದೆ ಎಂದು ನೋಡಿಕೊಂಡು ಬರೆಯುವುದನ್ನು ತಡೆಯುವುದು ಕಾರ್ಡ್ ರೀಡರ್ ಮತ್ತು ಕಂಪ್ಯೂಟರ್. ಕೆಲವು ಅಗ್ಗದ ರೀಡರ್‌ಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೂ ಹಾಕಿಡಿ. ಲಾಕ್ ಮಾಡದ ಕಾರ್ಡನ್ನು ಸಿಕ್ಕಿಸಿದಾಗ ಮ್ಯಾಕ್ ಅದರ ಮೇಲೆ ಸ್ಪಾಟ್‌ಲೈಟ್ ಹುಡುಕಾಟಕ್ಕೆ ಬೇಕಾದ ಅಡಗು ಫೋಲ್ಡರ್‌ಗಳನ್ನು ಬರೆಯಬಹುದು, ವಿಂಡೋಸ್ ತನ್ನ 'ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್' ಫೋಲ್ಡರ್ ಬರೆಯಬಹುದು. ಚೆನ್ನಾಗಿರುವ ಕಾರ್ಡಿಗೆ ಇದರಿಂದ ಏನೂ ಆಗದು. ಫೈಲ್ ಪಟ್ಟಿ ಕೆಟ್ಟಿರುವ ಕಾರ್ಡಿನಲ್ಲಾದರೆ ಆ ಬರವಣಿಗೆ ಯಾವ ಫೋಟೊದ ಮೇಲೆ ಹೋಗಿ ಕೂರುತ್ತದೋ ಹೇಳಲಾಗದು.

ಸಿಎಫ್, ಎಕ್ಸ್‌ಕ್ಯೂಡಿ, ಸಿಎಫ್‌ಎಕ್ಸ್‌ಪ್ರೆಸ್ ಬಗೆಯ ಕಾರ್ಡುಗಳಿಗೆ ಇಂಥ ಸ್ವಿಚ್ ಇಲ್ಲ. ಮೈಕ್ರೊ ಎಸ್‌ಡಿಗೂ ಇಲ್ಲ, ಅದರ ಅಡಾಪ್ಟರಿಗೆ ಇರುತ್ತದೆ. ಅಲ್ಲೆಲ್ಲ ನಿಮ್ಮ ಶಿಸ್ತೇ ಬೀಗ.

'ಬಳಸುವ ಮುನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ' ಎಂಬ ವಿಂಡೋಸ್ ಸಂದೇಶಕ್ಕೆ ಯಾವ ಕಾರಣಕ್ಕೂ ಒಪ್ಪಿಗೆ ಕೊಡಬೇಡಿ. 'ಈ ಕಾರ್ಡಿನ ಫೈಲ್ ವ್ಯವಸ್ಥೆ ನನಗೆ ಅರ್ಥವಾಗುತ್ತಿಲ್ಲ' ಎನ್ನುವುದಷ್ಟೇ ಅದರ ತಾತ್ಪರ್ಯ. ಕಾರ್ಡ್ ಖಾಲಿಯಿದೆ ಎಂದೇನಲ್ಲ. ಚೆಕ್‌ಡಿಸ್ಕ್ ಅಥವಾ ಮ್ಯಾಕ್‌ನ ಫಸ್ಟ್ ಏಡ್ ಓಡಿಸುವುದೂ ಈಗ ಬೇಡ, ಎರಡೂ ಕಾರ್ಡಿನ ಮೇಲೆ ಬರೆದೇ ರಿಪೇರಿ ಮಾಡುತ್ತವೆ. ಅದೇ ಕಾರ್ಡಿನಲ್ಲಿ ಇನ್ನೊಂದು ಫೋಟೊ ತೆಗೆದು 'ಈಗ ಬರುತ್ತದಾ' ಎಂದು ನೋಡುವ ಚಪಲವಂತೂ ಬೇಡವೇ ಬೇಡ.

ಕಾರ್ಡೇ ಕಾಣುತ್ತಿಲ್ಲ

ಕಾರ್ಡನ್ನು ಕ್ಯಾಮೆರಾಕ್ಕೆ ವಾಪಸ್ ಹಾಕಿ ಪ್ಲೇಬ್ಯಾಕ್ ಒತ್ತಿ. ಫೋಟೊ ಕಂಡರೆ ಕಾರ್ಡ್ ಬಹುಮಟ್ಟಿಗೆ ಸರಿಯಿದೆ, ತೊಂದರೆ ಈಚೆಗಿದೆ. ಕ್ಯಾಮೆರಾವೂ 'ಕಾರ್ಡ್ ದೋಷ' ಎಂದರೆ ಇಲ್ಲಿಂದ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಕ್ಯಾಮೆರಾ ಓದುತ್ತದೆ, ಕಂಪ್ಯೂಟರ್ ಓದುವುದಿಲ್ಲ ಎಂದಾದರೆ ಅದಲು ಬದಲು ಮಾಡಿ ನೋಡಬೇಕು. ಅದೇ ರೀಡರಿಗೆ ಬೇರೆ ಕಾರ್ಡ್, ಅದೇ ಕಾರ್ಡಿಗೆ ಬೇರೆ ರೀಡರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ರೀಡರ್, ಕೇಬಲ್, ಪೋರ್ಟ್ ಮೂರನ್ನೂ ಒಟ್ಟಿಗೆ ಬದಲಿಸಿ 'ಸರಿಹೋಯ್ತು' ಎಂದರೆ ಯಾವುದು ಕೆಟ್ಟಿತ್ತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ, ಕೆಟ್ಟದ್ದು ಡ್ರಾಯರಿನಲ್ಲಿ ಮುಂದಿನ ಸರದಿಗೆ ಕಾಯುತ್ತಿರುತ್ತದೆ. ಯುಎಸ್‌ಬಿ ಹಬ್ ಮೂಲಕ ಜೋಡಿಸಿದ್ದರೆ ಹಬ್ ತೆಗೆದು ರೀಡರನ್ನು ಕಂಪ್ಯೂಟರಿಗೇ ಹಾಕಿ. ಸ್ವಂತ ಪವರ್ ಇಲ್ಲದ ಹಬ್ಬಿನಲ್ಲಿ ಹಾರ್ಡ್ ಡಿಸ್ಕ್ ಜೊತೆ ರೀಡರೂ ಕೂತಿದ್ದರೆ ಕಾಪಿ ಅರ್ಧದಲ್ಲಿ ಕಾರ್ಡ್ ಮಾಯವಾಗುವುದು ಮಾಮೂಲು.

ರೀಡರ್ ಹಳೆಯದೇ? ಎಸ್‌ಡಿಎಚ್‌ಸಿ ಕಾರ್ಡುಗಳ ಮಿತಿ 32 ಜಿಬಿ, ಅವು ಫ್ಯಾಟ್32 ಎಂಬ ಫೈಲ್ ವ್ಯವಸ್ಥೆ ಬಳಸುತ್ತವೆ. ಅದರಾಚೆ 2 ಟಿಬಿವರೆಗಿನವು ಎಸ್‌ಡಿಎಕ್ಸ್‌ಸಿ, ಅವುಗಳಲ್ಲಿರುವುದು ಎಕ್ಸ್‌ಫ್ಯಾಟ್. ಎಸ್‌ಡಿಎಕ್ಸ್‌ಸಿ ಬಂದದ್ದು 2009ರಲ್ಲಿ. ಅದಕ್ಕೂ ಹಿಂದಿನ ರೀಡರಿಗೆ 128 ಜಿಬಿ ಕಾರ್ಡ್ ಹಾಕಿದರೆ ಅದು ಕಾರ್ಡನ್ನು ಗುರುತಿಸದೆ ಇರಬಹುದು, ಇಲ್ಲವೇ ಮೇಲೆ ಹೇಳಿದ ಫಾರ್ಮ್ಯಾಟ್ ಸಂದೇಶಕ್ಕೆ ದಾರಿ ಮಾಡಬಹುದು. ಲಿನಕ್ಸ್‌ನವರಿಗೆ ಇನ್ನೊಂದು ಮಾತು: ಎಕ್ಸ್‌ಫ್ಯಾಟ್‌ನ ಈಗಿನ ಡ್ರೈವರ್ ಕರ್ನಲ್ಲಿಗೆ (ಲಿನಕ್ಸ್‌ನ ತಿರುಳಿಗೆ) ಸೇರಿದ್ದು 2020ರ 5.7ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ವ್ಯವಸ್ಥೆಯಲ್ಲಿ ಎಕ್ಸ್‌ಫ್ಯಾಟ್ ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗಬಹುದು.

ಕಾರ್ಡಿನ ಬೆನ್ನಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಜಿಡ್ಡು, ಬೆರಳಿನ ಗುರುತು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಪಟ್ಟಿಗಳ ನಡುವಿನ ಪ್ಲಾಸ್ಟಿಕ್ ಏಣು ಮುರಿದಿದ್ದರೆ ಅದನ್ನು ಕ್ಯಾಮೆರಾಕ್ಕೆ ಮತ್ತೆ ತುರುಕಬೇಡಿ, ಒಳಗಿನ ಸ್ಪ್ರಿಂಗ್ ತಂತಿಗಳನ್ನು ಎಳೆದು ಬಾಗಿಸೀತು. ಸಿಎಫ್ ಕಾರ್ಡಿನಲ್ಲಿ ಕಥೆ ತಿರುಗುಮುರುಗು: ಪಿನ್ನುಗಳಿರುವುದು ರೀಡರಿನೊಳಗೆ, 50 ಪಿನ್ನು. ಟಾರ್ಚ್ ಹಾಕಿ ನೋಡಿದಾಗ ಒಂದು ಪಿನ್ನು ಸಾಲು ತಪ್ಪಿದ್ದರೂ ಆ ರೀಡರನ್ನು ಪಕ್ಕಕ್ಕಿಡಿ.

ಬೇರೆ ರೀಡರ್ ಇಲ್ಲದಿದ್ದರೆ ಕ್ಯಾಮೆರಾವನ್ನೇ ಕೇಬಲ್ಲಿನಿಂದ ಜೋಡಿಸಬಹುದು. ಬ್ಯಾಟರಿ ತುಂಬಿರಲಿ, ನಡುವೆ ಆಫ್ ಆಗಬಾರದು. ಹೆಚ್ಚಿನ ಕ್ಯಾಮೆರಾಗಳು ಈ ರೀತಿ ಜೋಡಿಸಿದಾಗ ಡ್ರೈವ್ ಆಗಿ ಕಾಣದೆ ಪಿಟಿಪಿ (ಫೋಟೊ ಸಾಗಿಸುವ ವಿಧಾನ) ಸಾಧನವಾಗಿ ಕಾಣುತ್ತವೆ, ಡ್ರೈವ್ ಅಕ್ಷರ ಹುಡುಕುತ್ತ ಕೂರಬೇಡಿ. ಒಂದು ಪ್ರೋಗ್ರಾಂ ಕ್ಯಾಮೆರಾವನ್ನು ಹಿಡಿದುಕೊಂಡಿದ್ದರೆ ಇನ್ನೊಂದಕ್ಕೆ ಅದು ಸಿಗದೆ ಹೋಗಬಹುದು. ಲಿನಕ್ಸ್‌ನಲ್ಲಿ ಡಾರ್ಕ್‌ಟೇಬಲ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿಗೆ ಕ್ಯಾಮೆರಾ ಸಿಗದಿರಲು ಬಹಳ ಸಲ ಕಾರಣ ಇದೇ: ಫೈಲ್ ಮ್ಯಾನೇಜರ್ ಅದನ್ನು ಮೊದಲೇ ಮೌಂಟ್ ಮಾಡಿಕೊಂಡಿರುತ್ತದೆ. ಅಲ್ಲಿ ಅನ್‌ಮೌಂಟ್ ಮಾಡಿ, ಆಮೇಲೆ ಇಲ್ಲಿ ಹುಡುಕಿ.

ಇಂಪೋರ್ಟ್ ಬಿಡಿ, ಬರೀ ಕಾಪಿ ಮಾಡಿ ನೋಡಿ

ಕಾರ್ಡ್ ಕಾಣುತ್ತಿದೆ, ಇಂಪೋರ್ಟ್ ಮಾತ್ರ ಆಗುತ್ತಿಲ್ಲ ಎಂದಾದರೆ ಎಡಿಟಿಂಗ್ ಸಾಫ್ಟ್‌ವೇರನ್ನು ಮುಚ್ಚಿಬಿಡಿ. ಕಾರ್ಡಿನಲ್ಲಿ ಕ್ಯಾಮೆರಾ ಫೋಟೊ ಇಡುವ ಡಿಸಿಐಎಂ ಫೋಲ್ಡರನ್ನು ಇಡಿಯಾಗಿ ಫೈಲ್ ಎಕ್ಸ್‌ಪ್ಲೋರರ್ ಅಥವಾ ಫೈಂಡರ್ ಬಳಸಿ ಕಂಪ್ಯೂಟರಿನ ಒಳ ಡಿಸ್ಕಿಗೆ ಕಾಪಿ ಮಾಡಿ. ಎಕ್ಸ್‌ಟರ್ನಲ್ ಡಿಸ್ಕಿಗೆ ಬೇಡ, ಕ್ಲೌಡಿಗೆ ಸಿಂಕ್ ಆಗುವ ಫೋಲ್ಡರಿಗೂ ಬೇಡ. ಪರೀಕ್ಷೆಯಲ್ಲಿ ಅನುಮಾನದ ಕೊಂಡಿಗಳು ಆದಷ್ಟು ಕಡಿಮೆಯಿರಬೇಕು. ಕಟ್ ಪೇಸ್ಟ್ ಅಲ್ಲ, ಕಾಪಿ ಪೇಸ್ಟ್.

ಕಾಪಿಯೂ ಅದೇ ಫೈಲಿನಲ್ಲಿ ನಿಂತರೆ ದೋಷ ಕಾರ್ಡಿನಲ್ಲೋ ದಾರಿಯಲ್ಲೋ ಇದೆ. ಸಾಫ್ಟ್‌ವೇರಿಗೆ ಬೈದು ಪ್ರಯೋಜನವಿಲ್ಲ. ಕಾಪಿ ಸಲೀಸಾಗಿ ಮುಗಿದರೆ ಫೋಲ್ಡರನ್ನು ಗಾತ್ರದ ಪ್ರಕಾರ ಜೋಡಿಸಿ ಕಣ್ಣಾಡಿಸಿ. ಒಂದೇ ಕ್ಯಾಮೆರಾದ ಒಂದೇ ಸೆಟ್ಟಿಂಗಿನ ರಾ (ಸೆನ್ಸರಿನ ಕಚ್ಚಾ ದತ್ತಾಂಶದ) ಫೈಲ್‌ಗಳ ಗಾತ್ರ ಹತ್ತಿರಹತ್ತಿರ ಇರುತ್ತದೆ. ಎಲ್ಲವೂ 25ರಿಂದ 30 ಎಂಬಿ ಇರುವಲ್ಲಿ ಒಂದು ಫೈಲ್ 0 ಕೆಬಿ, ಇನ್ನೊಂದು 3 ಎಂಬಿ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಇಂಪೋರ್ಟ್ ಅದೇ ಹೆಸರಿನಲ್ಲಿ ಎಡವುತ್ತಿತ್ತೇ ನೋಡಿ. ಹೌದಾದರೆ ಆ ಒಂದೆರಡು ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿ ಉಳಿದವನ್ನು ಇಂಪೋರ್ಟ್ ಮಾಡಿ, ಸಾಮಾನ್ಯವಾಗಿ ಗಲಾಟೆ ಅಲ್ಲಿಗೆ ನಿಲ್ಲುತ್ತದೆ.

ಸಾಫ್ಟ್‌ವೇರಿಗೆ ಸೇರಿಸುವಾಗ 'ಕಾಪಿ' ಆಯ್ಕೆ ಬಿಟ್ಟು 'ಆಡ್' ಆರಿಸಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಅದರ ಹೆಸರೇ ಆಡ್, ಡಾರ್ಕ್‌ಟೇಬಲ್‌ನಲ್ಲಿ 'ಆಡ್ ಟು ಲೈಬ್ರರಿ'. ಫೈಲ್‌ಗಳು ಇದ್ದಲ್ಲೇ ಇರುತ್ತವೆ, ಕ್ಯಾಟಲಾಗಿನಲ್ಲಿ ಅವುಗಳ ವಿಳಾಸ ಮಾತ್ರ ದಾಖಲಾಗುತ್ತದೆ. ದೋಷ ಇಲ್ಲದ ದಿನವೂ ಹೀಗೇ ಮಾಡುವುದು ಒಳ್ಳೆಯದು ಎನ್ನುವ ಪಕ್ಷ ನನ್ನದು. ಎರಡು ಹೆಜ್ಜೆ ಹೆಚ್ಚು ನಿಜ, ಎಲ್ಲಿ ಎಡವಿದೆವು ಎಂಬುದು ಮಾತ್ರ ಆಗಲೇ ತಿಳಿಯುತ್ತದೆ.

ಗುಲಾಬಿ ಪಟ್ಟಿ, ಬೂದು ಅರ್ಧ

ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವ ಲಕ್ಷಣ ಇದು. ಇಂಪೋರ್ಟ್ ಆದ ಕೂಡಲೇ ಫೋಟೊ ಚೆನ್ನಾಗಿಯೇ ಕಾಣುತ್ತದೆ. ಎರಡು ಕ್ಷಣ ಕಳೆದು ಪ್ರಿವ್ಯೂ ಬದಲಾಗುತ್ತಿದ್ದಂತೆ ಮಧ್ಯದಿಂದ ಕೆಳಗೆ ಗುಲಾಬಿ ಗೆರೆಗಳು, ಜರುಗಿದ ತುಂಡುಗಳು, ಅಥವಾ ಒಂದೇ ಬಣ್ಣದ ಬೂದು. ನೋಡುವವರಿಗೆ ಸಾಫ್ಟ್‌ವೇರೇ ಫೋಟೊ ಕೆಡಿಸಿತು ಅನ್ನಿಸುತ್ತದೆ. ಆದದ್ದು ಅದಲ್ಲ. ರಾ ಫೈಲಿನೊಳಗೆ ಕ್ಯಾಮೆರಾ ಒಂದು ಜೆಪೆಗ್ ಚಿತ್ರವನ್ನೂ ಸೇರಿಸಿಟ್ಟಿರುತ್ತದೆ. ನೀವು ಮೊದಲು ಕಂಡದ್ದು ಅದನ್ನು. ಆಮೇಲೆ ಸಾಫ್ಟ್‌ವೇರ್ ನಿಜವಾದ ರಾ ದತ್ತಾಂಶ ಬಿಡಿಸಲು ಹೋದಾಗ ಮೊದಲೇ ಆಗಿದ್ದ ಹಾನಿ ಬಯಲಿಗೆ ಬಂತು.

ಹಾನಿ ಒಂದು ಜಾಗದಿಂದ ಶುರುವಾಗಿ ಕೆಳಗೆಲ್ಲ ಹಬ್ಬುವುದಕ್ಕೂ ಕಾರಣವಿದೆ. ಜೆಪೆಗ್‌ನಲ್ಲಿ ಒಂದು ಚೌಕದ ಸರಾಸರಿ ಬಣ್ಣವನ್ನು ಅದರ ಹಿಂದಿನ ಚೌಕಕ್ಕಿಂತ ಎಷ್ಟು ಬೇರೆ ಎಂದು ಬರೆದಿರುತ್ತದೆ. ನಡುವೆ ಕೆಲವು ಬೈಟ್ ಕೆಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತಾ ಹೋಗುತ್ತದೆ. ಸಂಕುಚಿತ ರಾ ಫೈಲ್‌ಗಳಲ್ಲೂ ಆಗುವುದು ಹೆಚ್ಚುಕಡಿಮೆ ಇದೇ. ಹಾಗಾಗಿ ಅರ್ಧ ಫೋಟೊ ಹಾಳಾಗಿ ಕಂಡರೆ ಅರ್ಧ ಫೈಲ್ ಹಾಳಾಗಿದೆ ಎಂದುಕೊಳ್ಳಬೇಕಿಲ್ಲ.

ಈಗ ಮುಖ್ಯ ಪ್ರಶ್ನೆ: ಹಾನಿ ಕಾರ್ಡಿನಲ್ಲೇ ಆಗಿದೆಯೋ, ಕಾಪಿಯಾಗುವ ದಾರಿಯಲ್ಲಿ ಆಗಿದೆಯೋ? ಇದನ್ನು ಊಹಿಸುವ ಅಗತ್ಯವಿಲ್ಲ, ಚೆಕ್‌ಸಮ್ ಹೇಳುತ್ತದೆ. ಚೆಕ್‌ಸಮ್ ಎಂದರೆ ಫೈಲಿನ ಬೆರಳಚ್ಚು. ಒಂದು ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್, ಮ್ಯಾಕ್‌ನ ಟರ್ಮಿನಲ್‌ನಲ್ಲಿ ಶಾಸಮ್, ಲಿನಕ್ಸ್‌ನಲ್ಲಿ ಶಾ256ಸಮ್ ಆದೇಶಗಳು ಇದನ್ನು ಕೊಡುತ್ತವೆ.

ಕೆಟ್ಟದಾಗಿ ಕಾಣುವ ಒಂದು ಫೋಟೊ ಆರಿಸಿಕೊಳ್ಳಿ. ಹೀಗೆ ಮಾಡಿ:

1. ಡಿಸ್ಕಿನಲ್ಲಿರುವ ಕಾಪಿಯ ಚೆಕ್‌ಸಮ್ ತೆಗೆದು ಬರೆದಿಟ್ಟುಕೊಳ್ಳಿ.
2. ಕಾರ್ಡನ್ನು ಇಜೆಕ್ಟ್ ಮಾಡಿ, ಹೊರತೆಗೆದು, ಮತ್ತೆ ಹಾಕಿ. ಈ ಹೆಜ್ಜೆ ಬಿಟ್ಟರೆ ಪರೀಕ್ಷೆಯೇ ಸುಳ್ಳಾಗಬಹುದು. ಈಗಷ್ಟೇ ಓದಿದ ಫೈಲನ್ನು ಕಂಪ್ಯೂಟರ್ ಕಾರ್ಡಿನಿಂದ ಮತ್ತೆ ಓದುವ ಬದಲು ತನ್ನ ರ್‍ಯಾಮ್‌ನಲ್ಲಿ ಉಳಿದಿರುವ ಪ್ರತಿಯನ್ನೇ ಕೊಟ್ಟುಬಿಡುತ್ತದೆ.
3. ಕಾರ್ಡಿನಲ್ಲಿರುವ ಅದೇ ಫೈಲಿನ ಚೆಕ್‌ಸಮ್ ತೆಗೆಯಿರಿ.
4. ರೀಡರ್ ಬದಲಿಸಿ ಮೂರನೇ ಸಲ ತೆಗೆಯಿರಿ.

ಮೂರೂ ಒಂದೇ ಆಗಿದ್ದರೆ ಫೈಲ್ ಕಾರ್ಡಿನಲ್ಲೇ ಕೆಟ್ಟ ಸ್ಥಿತಿಯಲ್ಲಿ ಕೂತಿದೆ. ಕಂಪ್ಯೂಟರ್ ಅದನ್ನು ನಿಷ್ಠೆಯಿಂದ ಹಾಗೇ ತಂದಿದೆ. ಎಷ್ಟು ಸಲ ಇಂಪೋರ್ಟ್ ಮಾಡಿದರೂ ಹೋದ ಪುಟ್ಟ ಬಂದ ಪುಟ್ಟ. ಕಾರ್ಡಿನ ಎರಡು ಚೆಕ್‌ಸಮ್‌ಗಳು ತಾಳೆಯಾಗಿ ಡಿಸ್ಕಿನದು ಮಾತ್ರ ಬೇರೆಯಿದ್ದರೆ ಅದು ಖುಷಿಯ ಸುದ್ದಿ: ಮೂಲ ಫೋಟೊ ಕ್ಷೇಮವಾಗಿರುವ ಸಾಧ್ಯತೆ ಹೆಚ್ಚು, ಕಾಪಿ ಕೆಟ್ಟಿದೆ. ಮತ್ತೆ ಕಾಪಿ ಮಾಡಿ. ಒಂದು ರೀಡರಿನಲ್ಲಿ ತೆಗೆದಾಗಲೆಲ್ಲ ಬೇರೆ ಬೇರೆ ಉತ್ತರ, ಇನ್ನೊಂದರಲ್ಲಿ ಸದಾ ಒಂದೇ ಉತ್ತರ ಬಂದರೆ ಮೊದಲ ರೀಡರ್ ಅಥವಾ ಅದರ ಕೇಬಲ್ ಹೋಗಿದೆ.

ಇನ್ನೊಂದು ಅಪರೂಪದ ಸಾಧ್ಯತೆಯಿದೆ. ಕಾರ್ಡಿನ ಸುದ್ದಿಯೇ ಇಲ್ಲದೆ, ಒಳ ಡಿಸ್ಕಿನಲ್ಲಿರುವ ದೊಡ್ಡ ಫೈಲೊಂದಕ್ಕೆ ಎರಡು ಸಲ ಚೆಕ್‌ಸಮ್ ತೆಗೆದಾಗ ಎರಡು ಉತ್ತರ ಬಂದರೆ ಕಂಪ್ಯೂಟರಿನ ರ್‍ಯಾಮ್ ಮೇಲೆ ಅನುಮಾನ ಪಡಬೇಕು. ಅಂಥ ಯಂತ್ರದಲ್ಲಿ ಮೆಮೊರಿ ಪರೀಕ್ಷೆ ಮುಗಿಯುವವರೆಗೆ ಯಾವ ಕಾರ್ಡನ್ನೂ ಇಂಪೋರ್ಟ್ ಮಾಡಬೇಡಿ, ಅದು ಮುಟ್ಟಿದ್ದನ್ನೆಲ್ಲ ಸದ್ದಿಲ್ಲದೆ ಕೆಡಿಸುತ್ತಿರಬಹುದು.

ಫೈಲ್ ಕಾರ್ಡಿನಲ್ಲೇ ಕೆಟ್ಟಿದ್ದರೆ ಎಲ್ಲ ಮುಗಿಯಿತು ಎಂದಲ್ಲ. ಒಳಗಿನ ಜೆಪೆಗ್ ಚೆನ್ನಾಗಿರಬಹುದು, ಮೊದಲ ಎರಡು ಕ್ಷಣ ನೀವು ಅದನ್ನು ಕಣ್ಣಾರೆ ಕಂಡಿದ್ದೀರಿ. ಎಕ್ಸಿಫ್‌ಟೂಲ್ ಎಂಬ ಉಚಿತ ಸಲಕರಣೆ ಅದನ್ನು ಹೊರತೆಗೆಯುತ್ತದೆ. ಹಲವು ಮಾದರಿಗಳಲ್ಲಿ ಆ ಜೆಪೆಗ್ ಪೂರ್ಣ ಗಾತ್ರದ್ದೇ ಇರುತ್ತದೆ. ರಾ ಕೊಡುವ ಸ್ವಾತಂತ್ರ್ಯ ಅದರಲ್ಲಿಲ್ಲ, ಮುದ್ರಿಸುವುದಕ್ಕೆ ಧಾರಾಳ ಸಾಕಾಗಬಹುದು.

ಕಾಪಿ ಸರಿ, ಸಾಫ್ಟ್‌ವೇರ್ ಮಾತ್ರ ಒಪ್ಪುತ್ತಿಲ್ಲ

ಹೊಸ ಕ್ಯಾಮೆರಾ ತಂದ ಮೊದಲ ವಾರ ಜೆಪೆಗ್ ಬರುತ್ತದೆ, ರಾ ಬರುವುದಿಲ್ಲ ಎಂದರೆ ಬೇರೇನೂ ಯೋಚಿಸಬೇಡಿ: ಆ ಮಾದರಿಯ ರಾ ನಿಮ್ಮ ಸಾಫ್ಟ್‌ವೇರ್ ಆವೃತ್ತಿಗೆ ಗೊತ್ತಿಲ್ಲ. ಫೈಲ್ ಹೆಸರಿನ ಕೊನೆಯ ವಿಸ್ತರಣೆ (ಎಕ್ಸ್‌ಟೆನ್ಶನ್) ಹಳೆಯದೇ ಆಗಿದ್ದರೂ ಪ್ರತಿ ಮಾದರಿಗೂ ಬೆಂಬಲ ಪ್ರತ್ಯೇಕವಾಗಿ ಬರಬೇಕು. ಕೆಲವು ಸಲ ಒಂದೇ ಕ್ಯಾಮೆರಾದ ಒಂದು ಬಗೆಯ ರಾ ನಡೆದು ಇನ್ನೊಂದು ನಡೆಯುವುದಿಲ್ಲ. ನಿಕಾನ್ ಝಡ್9 ಜೊತೆ 2021ರಲ್ಲಿ ಬಂದ 'ಹೈ ಎಫಿಶಿಯೆನ್ಸಿ' ರಾ ಇದಕ್ಕೆ ಉದಾಹರಣೆ: ಮಾಮೂಲಿ ಎನ್‌ಇಎಫ್ (ನಿಕಾನ್ ರಾ) ತೆರೆಯುವ ಎಲ್ಲ ಸಾಫ್ಟ್‌ವೇರ್‌ಗಳೂ ಅದನ್ನು ತೆರೆಯುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಹಳೆಯ ಆವೃತ್ತಿಯಲ್ಲೇ ಇರಬೇಕಾದ ಅನಿವಾರ್ಯವಿದ್ದರೆ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ಬಳಸಿ ಡಿಎನ್‌ಜಿ (ಅಡೋಬಿಯ ರಾ ಬಗೆ) ಮಾಡಿಕೊಂಡು ತೆರೆಯಿರಿ. ಮೂಲ ರಾ ಅಳಿಸಬೇಡಿ.

'ಓದಲಾಗದ ಫೈಲ್‌ಗಳು' ಪಟ್ಟಿಯಲ್ಲಿ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಹೆಸರುಗಳಿದ್ದು, ಪ್ರತಿಯೊಂದೂ 4 ಕೆಬಿಯಷ್ಟೇ ಇದ್ದರೆ ನಕ್ಕು ಬಿಟ್ಟುಬಿಡಿ. ಅವು ಫೋಟೊಗಳೇ ಅಲ್ಲ. ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಡಿಸ್ಕಿಗೆ ಬರೆಯುವಾಗ ಮ್ಯಾಕ್ ತನ್ನ ಹೆಚ್ಚುವರಿ ಮಾಹಿತಿಗಾಗಿ ಮಾಡಿಡುವ ನೆರಳು ಫೈಲ್‌ಗಳು. ಅಸಲಿ ಫೋಟೊ ಅದೇ ಹೆಸರಿನಲ್ಲಿ, ಚುಕ್ಕಿ ಅಡಿಗೆರೆ ಇಲ್ಲದೆ, ಪಕ್ಕದಲ್ಲೇ ಇರುತ್ತದೆ. ಇಲ್ಲೊಂದು ಎಚ್ಚರ ಬೇಕು: ಚುಕ್ಕಿಯಿಲ್ಲದೆ ಬರೀ ಅಡಿಗೆರೆಯಿಂದ ಶುರುವಾಗುವ ಹೆಸರುಗಳು ಅಸಲಿ ಫೋಟೊಗಳೇ. ಕ್ಯಾಮೆರಾದಲ್ಲಿ ಬಣ್ಣದ ವ್ಯಾಪ್ತಿ ಅಡೋಬಿ ಆರ್‌ಜಿಬಿ ಎಂದಿಟ್ಟಾಗ ಹೆಸರು ಹಾಗೆ ಬರುತ್ತದೆ. ನೆರಳು ಫೈಲ್ ಎಂದುಕೊಂಡು ಇವನ್ನು ಅಳಿಸಿದರೆ ಹೋಯಿತು.

ಇಂಪೋರ್ಟ್ ಕಿಟಕಿಯಲ್ಲಿ ಫೋಟೊಗಳು ಮಸುಕಾಗಿದ್ದು ಟಿಕ್ ಹಾಕಲು ಬಿಡುತ್ತಿಲ್ಲವೇ? ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ 'ಡೋಂಟ್ ಇಂಪೋರ್ಟ್ ಸಸ್ಪೆಕ್ಟೆಡ್ ಡೂಪ್ಲಿಕೇಟ್ಸ್' ಎಂಬ ಗುರುತು ಇರುತ್ತದೆ. ಮೂಲ ಹೆಸರು, ತೆಗೆದ ದಿನಾಂಕ ಮತ್ತು ಸಮಯ, ಫೈಲ್ ಗಾತ್ರ ಈ ಮೂರೂ ತಾಳೆಯಾದರೆ ಇದು ಮೊದಲೇ ಬಂದಿದೆ ಎಂದು ಅದು ತೀರ್ಮಾನಿಸುತ್ತದೆ. ಹಿಂದೆ ಅರ್ಧಕ್ಕೆ ನಿಂತ ಇಂಪೋರ್ಟಿನಲ್ಲಿ ಕೆಲವು ದಾಖಲಾಗಿದ್ದರೆ ಈಗ ಅವು ಮಸುಕಾಗಿ ಕಾಣುತ್ತವೆ. ಕ್ಯಾಟಲಾಗಿನಲ್ಲಿ ಅವನ್ನು ಹುಡುಕಿ, ನಿಜವಾಗಿ ತೆರೆದುಕೊಳ್ಳುತ್ತವೆಯೇ ನೋಡಿ. ಆಮೇಲಷ್ಟೇ ಆ ಗುರುತು ತೆಗೆಯಿರಿ.

'ಕೇಳಿದ ಜಾಗಕ್ಕೆ ಕಾಪಿ ಮಾಡಲಾಗಲಿಲ್ಲ' ಎಂಬರ್ಥದ ಸಂದೇಶ ಬಂದರೆ ಕಾರ್ಡಿನ ಕಡೆ ನೋಡಲೇಬೇಡಿ, ತಲುಪುವ ಜಾಗ ನೋಡಿ. ಡಿಸ್ಕ್ ತುಂಬಿದೆಯೇ? ಹಳೆಯ ಪ್ರಿಸೆಟ್ (ಉಳಿಸಿಟ್ಟ ಆಯ್ಕೆ) ಈಗ ಇಲ್ಲದ ಡ್ರೈವಿಗೆ ಕಳಿಸುತ್ತಿದೆಯೇ? ವಿಂಡೋಸ್‌ನಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಇದ್ದರೆ ಪಿಕ್ಚರ್ಸ್ ಫೋಲ್ಡರಿಗೆ ಬರೆಯಲು ಸಾಫ್ಟ್‌ವೇರಿಗೆ ಪ್ರತ್ಯೇಕ ಅನುಮತಿ ಕೊಡಬೇಕಾಗಬಹುದು. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದೀಚೆಗೆ ಕಾರ್ಡಿನಂಥ ತೆಗೆದುಹಾಕುವ ಡಿಸ್ಕುಗಳನ್ನು ಓದಲೂ ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಅವಸರದಲ್ಲಿ 'ಬೇಡ' ಎಂದು ಒತ್ತಿದ್ದರೆ ಆಮೇಲೆ ಅದು ಕೇಳುವುದೇ ಇಲ್ಲ. ಪ್ರೈವೆಸಿ ಮತ್ತು ಸೆಕ್ಯೂರಿಟಿ ಸೆಟ್ಟಿಂಗಿನಲ್ಲಿ ಫೈಲ್ಸ್ ಮತ್ತು ಫೋಲ್ಡರ್ಸ್ ತೆರೆದು ನೀವೇ ಆನ್ ಮಾಡಬೇಕು.

ಇಂಪೋರ್ಟ್ ಮುಗಿಯಿತು, ಫೋಟೊ ಎಲ್ಲಿ?

ಇದರಲ್ಲಿ ಹೆಚ್ಚಿನದು ದೋಷವೇ ಅಲ್ಲ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ದಿನಾಂಕದ ಫೋಲ್ಡರ್‌ಗಳು ಯಾವುದೋ ಹಳೆಯ ವರ್ಷದಲ್ಲಿ ಹುಟ್ಟಿಕೊಂಡಿರುತ್ತವೆ. ಬ್ಯಾಟರಿ ಬಹಳ ದಿನ ಹೊರಗಿದ್ದ ಕ್ಯಾಮೆರಾ ಗಡಿಯಾರವನ್ನು ಮೊದಲ ದಿನಾಂಕಕ್ಕೆ ತಿರುಗಿಸಿಕೊಂಡಿರಬಹುದು. ಫಿಲ್ಟರ್ ಆನ್ ಇದ್ದರೆ ಸ್ಟಾರ್ ಹಾಕದ ಹೊಸ ಫೋಟೊಗಳು ಮರೆಯಾಗುತ್ತವೆ. ರಾ ಜೊತೆ ಜೆಪೆಗ್ ತೆಗೆದವರಿಗೆ ಜೆಪೆಗ್ ಕಾಣದಿದ್ದರೆ ಅದನ್ನು ಪ್ರತ್ಯೇಕ ಫೋಟೊ ಎಂದು ಎಣಿಸುವ ಗುರುತು ಪ್ರಿಫರೆನ್ಸಸ್‌ನಲ್ಲಿ ಹಾಕಿಲ್ಲ ಎಂದರ್ಥ. ಎರಡು ಸ್ಲಾಟಿನ ಕ್ಯಾಮೆರಾದಲ್ಲಿ ಮೊದಲ ಕಾರ್ಡ್ ತುಂಬಿದ ಮೇಲೆ ಎರಡನೆಯದಕ್ಕೆ ಹೋಗುವ ಸೆಟ್ಟಿಂಗ್ ಇದ್ದರೆ ಉಳಿದ ಫೋಟೊ ಆ ಇನ್ನೊಂದು ಕಾರ್ಡಿನಲ್ಲಿದೆ, ಕ್ಯಾಮೆರಾದ ಬಾಗಿಲು ತೆರೆದು ನೋಡಿ.

ನಿಜವಾದ ಅಪಾಯ ಇರುವುದು ಎರಡು ಕಡೆ. ಕಾರ್ಡಿನಲ್ಲಿರುವಾಗಲೇ 'ಆಡ್' ಮಾಡಿದ್ದರೆ ಕ್ಯಾಟಲಾಗಿನಲ್ಲಿರುವುದು ಕಾರ್ಡಿನ ವಿಳಾಸ. ಪ್ರಿವ್ಯೂ ಕಾಣುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ, ಕಾರ್ಡ್ ತೆಗೆದ ಮೇಲೆ 'ಫೈಲ್ ಕಾಣೆಯಾಗಿದೆ' ಎಂಬ ಗುರುತು ಬರುತ್ತದೆ. ಆ ಗುರುತು ಕಂಡ ದಿನ ಕಾರ್ಡನ್ನು ಫಾರ್ಮ್ಯಾಟ್ ಮಾಡಿರದಿದ್ದರೆ ಅದೃಷ್ಟ. ಇನ್ನೊಂದು, ಕ್ಯಾಮೆರಾದ ಸಂಖ್ಯೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ಕೈಯಿಂದ ಒಂದೇ ಫೋಲ್ಡರಿಗೆ ಕಾಪಿ ಮಾಡುವವರಿಗೆ 'ಅದೇ ಹೆಸರಿನ ಫೈಲ್ ಇದೆ, ಬದಲಿಸಲೇ?' ಎಂಬ ಪ್ರಶ್ನೆ ಬರುವುದು ಆಗಲೇ. ಹೌದು ಅಂದರೆ ಹಳೆಯ ಫೋಟೊ ಹೋಯಿತು. ಪ್ರತಿ ಕಾರ್ಡಿಗೆ ಹೊಸ ಫೋಲ್ಡರ್ ಮಾಡಿದರೆ ಈ ಪ್ರಶ್ನೆಯೇ ಹುಟ್ಟದು.

ತುಂಬ ನಿಧಾನ

ಯುಎಸ್‌ಬಿ 2 ರೀಡರಿನಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿಗಿಂತ ಹೆಚ್ಚು ನಿರೀಕ್ಷಿಸಬೇಡಿ, 64 ಜಿಬಿ ತುಂಬಿದ ಕಾರ್ಡಿಗೆ ಅರ್ಧ ಗಂಟೆ ಹಿಡಿಯುತ್ತದೆ. ಎಸ್‌ಡಿ ಕಾರ್ಡುಗಳ ವೇಗದ ಬಗೆಗಳಲ್ಲಿ ಯುಎಚ್‌ಎಸ್-1ರ ಗರಿಷ್ಠ ಮಿತಿ ಸೆಕೆಂಡಿಗೆ 104 ಎಂಬಿ, ಯುಎಚ್‌ಎಸ್-2ರದು 312. ಎರಡನೇ ಬಗೆಯ ಕಾರ್ಡಿಗೆ ಹಿಂದುಗಡೆ ಎರಡು ಸಾಲು ಪಟ್ಟಿ ಇರುತ್ತದೆ. ರೀಡರಿನಲ್ಲಿ ಎರಡನೇ ಸಾಲಿಗೆ ಪಿನ್ನು ಇಲ್ಲದಿದ್ದರೆ ಕಾರ್ಡ್ ಹಳೆಯ ವೇಗದಲ್ಲೇ ಓದುತ್ತದೆ. ಇದೆಲ್ಲ ನಿರುಪದ್ರವಿ. ಚಿಂತೆ ಮಾಡಬೇಕಾದದ್ದು ಉಳಿದವೆಲ್ಲ ಸರಸರನೆ ಹೋಗಿ ಒಂದೇ ಫೈಲಿನ ಬಳಿ ಪ್ರತಿ ಸಲವೂ ವೇಗ ಸೊನ್ನೆಗೆ ಇಳಿದಾಗ. ಅದು ಕಾರ್ಡ್ ಸಾಯುತ್ತಿರುವ ಸೂಚನೆ ಇರಬಹುದು.

ಕಾರ್ಡೇ ಕೆಟ್ಟಿದ್ದರೆ

ಕಾಪಿ ಆಗುವಷ್ಟನ್ನು ಮೊದಲು ಕಾಪಿ ಮಾಡಿಕೊಳ್ಳಿ. ಉಳಿದದ್ದಕ್ಕೆ ಕಾರ್ಡಿನ ಮೇಲೆ ನೇರವಾಗಿ ರಿಕವರಿ ಸಾಫ್ಟ್‌ವೇರ್ ಹರಿಸುವ ಬದಲು ಇಡೀ ಕಾರ್ಡಿನ ಒಂದು ಇಮೇಜ್ ಫೈಲ್ (ಇದ್ದದ್ದು ಇದ್ದ ಹಾಗೆ ಪೂರ್ತಿ ಪ್ರತಿ) ಮಾಡುವುದು ಸರಿಯಾದ ಕ್ರಮ. ಡಿಡಿರೆಸ್ಕ್ಯೂ ಇದಕ್ಕೆಂದೇ ಇರುವ ಸಲಕರಣೆ: ಸುಲಭವಾಗಿ ಓದುವ ಭಾಗಗಳನ್ನು ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಸಾಯುತ್ತಿರುವ ಕಾರ್ಡಿನಲ್ಲಿ ಈ ಕ್ರಮಕ್ಕೆ ಬೆಲೆಯಿದೆ, ಕೆಟ್ಟ ಜಾಗವನ್ನೇ ಕೆದಕುತ್ತ ಕೂತರೆ ಒಳ್ಳೆಯ ಜಾಗ ಓದುವ ಮೊದಲೇ ಅದು ಕಣ್ಣು ಮುಚ್ಚಬಹುದು.

ಆ ಇಮೇಜಿನ ಮೇಲೆ ಟೆಸ್ಟ್‌ಡಿಸ್ಕ್ ಜೊತೆ ಬರುವ ಉಚಿತ ಫೋಟೊರೆಕ್ ಓಡಿಸಿ. ಅದು ಫೈಲ್ ಪಟ್ಟಿಯನ್ನು ನಂಬುವುದಿಲ್ಲ, ಜೆಪೆಗ್ ಹೀಗೆ ಶುರುವಾಗುತ್ತದೆ, ರಾ ಹೀಗೆ ಶುರುವಾಗುತ್ತದೆ ಎಂಬ ಗುರುತು ಹಿಡಿದು ಹುಡುಕುತ್ತದೆ. ಹಾಗಾಗಿ ಕ್ಯಾಮೆರಾ ಕೊಟ್ಟ ಹೆಸರುಗಳು ಸಿಗುವುದಿಲ್ಲ, ತೆಗೆದ ಸಮಯ ಫೋಟೊದೊಳಗೇ ಇರುವುದರಿಂದ ಸಾಲು ಹಚ್ಚಿಕೊಳ್ಳಬಹುದು. ತಪ್ಪಿ ಫಾರ್ಮ್ಯಾಟ್ ಮಾಡಿದ ಕಾರ್ಡಿಗೂ ದಾರಿ ಇದೇ. ಕ್ಯಾಮೆರಾದ ಮಾಮೂಲಿ ಫಾರ್ಮ್ಯಾಟ್ ಬಹಳ ಸಲ ಪಟ್ಟಿಯನ್ನು ಮಾತ್ರ ಅಳಿಸುತ್ತದೆ, 'ಲೋ ಲೆವೆಲ್' ಎಂದು ಆರಿಸಿದ್ದರೆ ಆಸೆ ಕಡಿಮೆ. ಸಿಕ್ಕಿದ ಫೋಟೊಗಳನ್ನು ಬೇರೆ ಡಿಸ್ಕಿಗೇ ಉಳಿಸಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಯಾವ ರೀಡರಿನಲ್ಲೂ ಕಾರ್ಡ್ ಕಾಣಿಸುವುದೇ ಇಲ್ಲ ಎಂದಾದರೆ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ. ಫೋಟೊ ಬೇಕೇ ಬೇಕಿದ್ದರೆ ಡೇಟಾ ರಿಕವರಿ ಲ್ಯಾಬಿಗೆ ಕೊಡಿ.

ಫೋಟೊಗಳು ಎರಡು ಬೇರೆ ಡಿಸ್ಕುಗಳಲ್ಲಿ ಕ್ಷೇಮವಾಗಿ ಕೂತು, ಕೆಲವನ್ನಾದರೂ ನೂರು ಶೇಕಡಾ ಝೂಮಿನಲ್ಲಿ ತೆರೆದು ನೋಡಿದ ಮೇಲೆ ಕಾರ್ಡಿನ ಲಾಕ್ ತೆಗೆದು ಪರೀಕ್ಷೆಗೆ ಹಾಕಬಹುದು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3. ಇವು ಕಾರ್ಡಿನ ತುಂಬ ದತ್ತಾಂಶ ಬರೆದು ಮತ್ತೆ ಓದಿ ತಾಳೆ ನೋಡುತ್ತವೆ. ನಕಲಿ ಕಾರ್ಡುಗಳು ಸಿಕ್ಕಿಬೀಳುವುದು ಇಲ್ಲೇ: ಮೇಲೆ 128 ಜಿಬಿ ಎಂದು ಬರೆದಿದ್ದು ಒಳಗೆ ನಿಜಕ್ಕೂ 16 ಜಿಬಿ ಮಾತ್ರ ಇರುವಂಥವು. ಅವುಗಳಲ್ಲಿ ಮೊದಲ ಕೆಲವು ನೂರು ಫೋಟೊ ಚೆನ್ನಾಗಿದ್ದು, ಆಮೇಲಿನವಕ್ಕೆ ಹೆಸರು ಮತ್ತು ಗಾತ್ರ ಸರಿಯಾಗಿದ್ದರೂ ಒಳಗೆ ಏನೂ ಇರುವುದಿಲ್ಲ. ಪರೀಕ್ಷೆಯಲ್ಲಿ ತಪ್ಪು ಕಂಡರೆ ಮೊದಲು ಇನ್ನೊಂದು ರೀಡರಿನಲ್ಲಿ ಪುನಃ ಮಾಡಿ. ಅಲ್ಲೂ ಕಂಡರೆ ಆ ಕಾರ್ಡನ್ನು 'ಸುಮ್ಮನೆ ಇರಲಿ' ಎಂದು ಬ್ಯಾಗಿನ ಮೂಲೆಯಲ್ಲಿ ಇಡಬೇಡಿ, ಅವಸರದ ದಿನ ಕೈಗೆ ಸಿಗುವುದು ಅದೇ. ಪಾಸಾದ ಕಾರ್ಡನ್ನು ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡದೆ, ಯಾವ ಕ್ಯಾಮೆರಾದಲ್ಲಿ ಬಳಸುತ್ತೀರೋ ಅದರಲ್ಲೇ ಫಾರ್ಮ್ಯಾಟ್ ಮಾಡಿ ಬಳಸಿ.